ಹೂವಿ ತೋರಿಸಿದ ದಾರಿ

ಹೊಂಗೆಯ ಹೂವೆಲ್ಲ ಉದುರಿ, ಗೂಡಿನಲ್ಲಿ ಜೇನುತುಪ್ಪ ತಳ ಮುಟ್ಟಿದ ಕಾಲ. ಹೊಸ ಹೂ ಕಂಡವಳು ಗೂಡಿನ ನಟ್ಟನಡುವೆ ಕುಣಿದು ದಾರಿ ತೋರಿಸಬೇಕು, ಉಳಿದವರು ಅವಳನ್ನು ಮುತ್ತಿಕೊಂಡು, ಮೈ ಮುಟ್ಟಿ ತಿಳಿದುಕೊಳ್ಳಬೇಕು. ಇದು ಜೇನುಗಳ ಕಟ್ಟಳೆ. ಮೇಸ್ತ್ರಿ ದ್ಯಾಮಕ್ಕ ಅದನ್ನು ಒಂದು ದಿನವೂ ಸಡಿಲಿಸಿದವಳಲ್ಲ.

ಹೂವಿ ಎಂಬ ಜೇನು ಮಾತ್ರ ದಿನವೂ ನಡುವೆ ಬಂದು ನಿಲ್ಲುವಳು, ನಾಲ್ಕು ಕಡೆಯಿಂದ ಮೈ ತಾಗಿದ ಕೂಡಲೇ ರೆಕ್ಕೆ ಮುದುರಿಕೊಂಡು ಮೂಲೆ ಸೇರುವಳು.

"ಬರಿಗೈಲಿ ಬಂದವಳು ಏನೆಂದು ಕುಣಿದಾಳು? ಇವಳನ್ನು ಆಚೆ ಕಳಿಸು, ದ್ಯಾಮಕ್ಕ" ಎಂದರು ಉಳಿದವರು.

ಕಳಿಸಿಬಿಡಬೇಕೆಂದೇ ದ್ಯಾಮಕ್ಕ ಮೂಲೆಗೆ ಹೋದಳು. ಹತ್ತಿರದಿಂದ ನೋಡಿದರೆ ಹೂವಿಯ ಕಾಲ ತುಂಬ ಹೂವಿನ ಹುಡಿ, ಮೈಯೆಲ್ಲ ನೇರಳೆಯ ಘಮ! ದ್ಯಾಮಕ್ಕನ ಸಿಟ್ಟು ಅಲ್ಲೇ ಇಳಿಯಿತು.

"ತಂಗೀ, ಇದೆಲ್ಲಿಯದು?"

"ತೋರಿಸ್ತೀನಿ ಅಕ್ಕ. ಯಾರೂ ಮುಟ್ಟಬಾರದು."

ದ್ಯಾಮಕ್ಕ ಎಲ್ಲರನ್ನೂ ಹಿಂದಕ್ಕೆ ಸರಿಸಿ, ಗುಂಯ್‌ಗುಡುವವರನ್ನು ಗದರಿ ಸುಮ್ಮನಾಗಿಸಿ, ತಾನೂ ದೂರ ಕೂತಳು. ಹೂವಿ ಮೂಲೆಯಲ್ಲೇ ಕುಣಿದಳು, ಒಂದು ಹೆಜ್ಜೆಯೂ ತಪ್ಪದ ಹಾಗೆ. ಹಳ್ಳದಾಚೆಯ ನೇರಳೆ ತೋಪು ಎಲ್ಲರ ಕಣ್ಣಿಗೂ ಕಟ್ಟಿತು. ಸಂಜೆಯೊಳಗೆ ಗೂಡಿಗೆ ಗೂಡೇ ಘಮಘಮ ಅನ್ನುತ್ತಿತ್ತು.

ದ್ಯಾಮಕ್ಕ ಹೂವಿಯ ಪಕ್ಕದಲ್ಲಿ, ತುಸು ಜಾಗ ಬಿಟ್ಟೇ, ಕೂತಳು. "ಇಷ್ಟು ದಿನ ಒಂದು ಮಾತು ಹೇಳಬಾರದಿತ್ತೇನೇ, ನನ್ನವ್ವಾ?"

"ಮೊದಲ ದಿನದಿಂದ ಹೇಳ್ತಾನೇ ಇದ್ದೆ, ಅಕ್ಕ. ನೀವೆಲ್ಲ ಗುಂಯ್‌ಗುಡ್ತಿದ್ರಿ."