ಪ್ರಸಾದಕ್ಕೆ ಉಪ್ಪು

ಹೊಳೆದಂಡೆಯ ಮಠಕ್ಕೆ ಹೊನ್ನವ್ವ ಜ್ಞಾನ ಹುಡುಕಿಕೊಂಡು ಬಂದವಳು. ಒಲೆ ಸಿಕ್ಕಿತು. ಹನ್ನೆರಡು ವರ್ಷ ಅಡುಗೆ ಮಾಡಿದಳು.

ಒಂದು ಮುಂಜಾನೆ ಗುರುಗಳ ಮುಂದೆ ಕೈಮುಗಿದು ನಿಂತಳು.

"ಅಜ್ಜಾರ, ಹೊಳಿಗೆ ದೊಡ್ಡ ದೋಣಿ ಬಂದೈತಿ. ದಿನಾ ನೂರಾರು ಮಂದಿ ದಾಟ್ತಾರ. ದಂಡಿ ಮ್ಯಾಲೆ ಖಾನಾವಳಿ ಇಡ್ತೀನ್ರಿ. ಆಶೀರ್ವಾದ ಮಾಡ್ರಿ."

"ಒಲಿ ಬಿಟ್ಟವರಿಗೆ ಮತ್ತ ಸಿಗೂದಿಲ್ಲ. ಮಠದ ಕಟ್ಟಳೆ ಗೊತ್ತಲ್ಲ?"

"ಗೊತ್ತೈತ್ರಿ. ಗಾಳಿ ಬಂದಾಗ ತೂರ್ಕೋಬೇಕಲ್ರಿ?"

"ಗಾಳಿ ಬಂದೈತಿ, ಖರೆ. ತೆನಿ ಒಕ್ಕೀಯೇನು?"

ಹೊನ್ನವ್ವನಿಗೆ ತುಸು ಸಿಟ್ಟೇ ಬಂತು.

"ಹನ್ನೆರಡು ವರ್ಷದಾಗ ನನ್ನ ಸಾರಿಗೆ ಒಬ್ಬರೂ ಹೆಸರಿಟ್ಟಿಲ್ರಿ!"

"ಇಲ್ಲಿ ಊಟಕ್ಕ ಏನಂತಾರ?"

"ಪ್ರಸಾದ."

"ಪ್ರಸಾದಕ್ಕ ಉಪ್ಪು ಕಡಿಮಿ ಅಂದವರನ್ನ ಎಲ್ಲಾದ್ರೂ ನೋಡೀಯೇನು?"

ಹೊನ್ನವ್ವ ಅಡುಗೆಮನೆಯ ಕಡೆ ತಿರುಗಿ ನೋಡಿದಳು.

"ಎಂಟು ದಿನ ದಂಡಿಗೆ ಹೋಗಿ ಬಡಿಸು. ಮಠದ ಹೆಸರು ಎತ್ತಬ್ಯಾಡ. ಅಲ್ಲೀತನಕ ನಿನ್ನ ಒಲಿ ನಾನು ಕಾಯ್ತೀನಿ."

ಮೊದಲ ದಿನವೇ ಅಂಬಿಗನೊಬ್ಬ ಸಾರು ಕುಡಿದು ನೋಡಿ, "ಅಕ್ಕಾ, ಇದು ಉಣ್ಣಾಕೋ, ಮುಖ ತೊಳ್ಕೊಳ್ಳಾಕೋ?" ಅಂದ.

ದೋಣಿಯವರು ಕೂಗಿದ್ದೇ ತಡ, ಉಳಿದವರು ಅರ್ಧ ಊಟ ಎಲೆಯಲ್ಲೇ ಬಿಟ್ಟು ಓಡಿದರು.

ಹೊನ್ನವ್ವ ಎರಡು ದಿನ ಅತ್ತಳು. ಮೂರನೆಯ ದಿನ ಅಳುವುದು ಬಿಟ್ಟು, ಓಡುವವರನ್ನು ನೋಡುತ್ತ ಕೂತಳು.

ಇತ್ತ ಮಠದಲ್ಲಿ ಗುರುಗಳೇ ಸಾರು ಕುದಿಸಿದರು. ಎರಡನೆಯ ಸಲ ಯಾರೂ ಬಡಿಸಿಕೊಳ್ಳಲಿಲ್ಲ. ಉಪ್ಪಿನ ಮಾತು ಮಾತ್ರ ಯಾರೂ ಎತ್ತಲಿಲ್ಲ.

ಎಂಟನೆಯ ದಿನ ಹೊನ್ನವ್ವ ಮರಳಿದಳು. ಮೊಣಕೈವರೆಗೂ ಜೋಳದ ಹಿಟ್ಟು.

"ಅಜ್ಜಾರ, ಒಕ್ಕಿ ನೋಡಿದ್ನಿ. ಸಾರು ಜೊಳ್ಳು. ರೊಟ್ಟಿ ಕಾಳು."

"ಮಂದಿ?"

"ಕೂತು ಉಣ್ಣಾಕ ಯಾರಿಗೂ ಪುರಸೊತ್ತಿಲ್ರಿ. ಬಿಸಿ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ಸುತ್ತಿ ಕೊಟ್ನಿ. ದೋಣಿಯೊಳಗ ತಿನ್ಕೋತ ಹೋಗ್ತಾರ. ಆ ಅಂಬಿಗ ನಿನ್ನೆ ಮೂರು ಒಯ್ದ!"

"ಹಂಗಾದ್ರ ಖಾನಾವಳಿ?"

"ಬ್ಯಾಡ್ರಿ. ರೊಟ್ಟಿ ಸುಡಾಕ ಒಂದು ಹಂಚು ಸಾಕು."

ಹೊರಟ ಹೊನ್ನವ್ವ ಬಾಗಿಲಲ್ಲಿ ತಿರುಗಿ ನಿಂತಳು.

"ಅಜ್ಜಾರ, ಖರೇ ಹೇಳ್ರಿ. ಇಷ್ಟು ವರ್ಷ ನನ್ನ ಸಾರು ಹೆಂಗಿತ್ತು?"

ಗುರುಗಳು ನಕ್ಕರು.

"ಹನ್ನೆರಡು ವರ್ಷದಾಗ ಇವತ್ತು ಮೊದಲ ಸಲ ಕೇಳಿದಿ. ಹೋಗು, ಹಂಚು ಇಡು."