ಹೊಸ್ತಿಲಿಗೆ ಅಡ್ಡ ಕೂತ ಅಡಿವೆಪ್ಪ ಮಾಸ್ತರ

ನಮ್ಮ ಮುತ್ತಜ್ಜಿಯರೂ ಕಿವಿಯಿಂದಷ್ಟೇ ಬಲ್ಲ ಕಾಲವದು, ಮಕ್ಕಳೇ. ಹೊಳೆದಂಡೆಯ ಒಂದು ಊರಲ್ಲಿ ದೊಡ್ಡ ವಿದ್ಯಾಶಾಲೆ ಇತ್ತಂತೆ. ಸುತ್ತಿನ ಹಳ್ಳಿಗಳಿಂದ ಮೀಸೆ ಚಿಗುರಿದ ಹುಡುಗರು, ಜಡೆ ಹೆಣೆದ ಹುಡುಗಿಯರು ಬುತ್ತಿ ಕಟ್ಟಿಕೊಂಡು ಲೆಕ್ಕ ಕಲಿಯಲು ಬರುತ್ತಿದ್ದರಂತೆ. ಬಂದವರಲ್ಲಿ ಬಹಳ ಮಂದಿ ವರ್ಷ ತುಂಬುವ ಮೊದಲೇ ಅಳುತ್ತ ಮನೆಗೆ ಹೋಗುತ್ತಿದ್ದರಂತೆ.

ಅಲ್ಲಿಯ ರೂಢಿಯೇ ಹಾಗೆ. ಮೊದಲ ವರ್ಷದ ಪಾಠಕ್ಕೆ ಮಾಸ್ತರರು ಜರಡಿ ಅಂತ ಹೆಸರಿಟ್ಟಿದ್ದರು. ಗೋಡೆಗೆ ಮುಖ ಮಾಡಿ ಸೂತ್ರ ಬರೆಯೋದು, ಬರೆದದ್ದನ್ನು ಒರೆಸೋದು, ಯಾಕೆ ಅಂದವರನ್ನು ಗದರೋದು. ಉಳಿದದ್ದು ಕಾಳು, ಉದುರಿದ್ದು ಧೂಳು ಅನ್ನೋದು.

ಹಿರಿಯ ಮಾಸ್ತರ ಅಡಿವೆಪ್ಪನವರಿಗೆ ಈ ಮಾತು ಕೇಳಿದರೆ ಮೈ ಉರಿಯುತ್ತಿತ್ತಂತೆ. ಹೆತ್ತವರು ನಂಬಿ ಕಳಿಸಿದ ಮಕ್ಕಳು ಧೂಳೇ?

ಒಂದು ದಿನ ಕಂಬಳಿ ನೇಯುವವರ ಮಗಳು ಫಕೀರವ್ವನ ಸರದಿ ಬಂತು. ಅರ್ಧವನ್ನು ಅರ್ಧದಿಂದ ಭಾಗಿಸು ಅಂದರೆ ಕಾಲು ಅಂತ ಬರೆದಿದ್ದಳು. ಕಿರಿಯ ಮಾಸ್ತರ ಅದನ್ನು ಒರೆಸಿ, ಗಂಟು ಕಟ್ಟು ಅಂದ. ಊರಿಗೆ ಮರಳಿದರೆ ಮದುವೆ. ಮತ್ತೆ ಪಾಟಿ ಹಿಡಿಯುವಂತಿರಲಿಲ್ಲ.

ಅಡಿವೆಪ್ಪನವರು ಎದ್ದು ಬಂದು ಹೊಸ್ತಿಲಿಗೆ ಅಡ್ಡ ಕೂತರಂತೆ. ಅವರ ಸಿಟ್ಟಿಗೆ ಕಲ್ಲು ಕಾದು, ಅದರ ಮೇಲೆ ರೊಟ್ಟಿ ಬೇಯಿಸಬಹುದಿತ್ತು ಅಂತಾರೆ.

"ಕಾಲು ಹೆಂಗ ಬಂತವ್ವ?"

"ಅರ್ಧ ರೊಟ್ಟಿ ತಗೊಂಡು ಮತ್ತ ಅರ್ಧ ಮಾಡಿದ್ನಿರಿ, ಅಜ್ಜಾರ."

"ಮುರದದ್ದು ಚಲೋನ ಮುರದಿ. ಆದ್ರ ಲೆಕ್ಕ ಕೇಳೂದು ಬ್ಯಾರೆ. ಅರ್ಧ ರೊಟ್ಟಿಯೊಳಗ ಅರ್ಧ ರೊಟ್ಟಿ ಎಷ್ಟು ಸಲ ಕುಂದರತದ?"

"ಒಂದ ಸಲ." ಅವಳು ಕಣ್ಣೊರೆಸಿಕೊಂಡಳು. "ಇಷ್ಟ ಏನ್ರಿ? ಯಾರೂ ಹೇಳಲೇ ಇಲ್ಲಲ್ರಿ."

ಅಡಿವೆಪ್ಪನವರು ಉಳಿದ ಮಾಸ್ತರರ ಕಡೆ ತಿರುಗಿ, ಉತ್ತರ ಒಂದೇ ಯಾಕೆ ಬಂತು ಅಂತ ಕೇಳಿದರಂತೆ. ಭಾಗಿಸೋ ಭಿನ್ನರಾಶಿಯನ್ನು ತಿರುವಿ ಗುಣಿಸಬೇಕು ಅಂದರಂತೆ ಆ ಮಾಸ್ತರರು. ಯಾಕೆ ತಿರುವಬೇಕು? ಸೂತ್ರ ಇರೋದೇ ಹಾಗೆ ಅಂದ ಒಬ್ಬ.

"ಅಡಿಗಿಗೆ ಉಪ್ಪು ಹಾಕೂದು ಮರತು, ಉಣ್ಣವರ ನಾಲಿಗಿ ಕೆಟ್ಟದ ಅಂತೀರಲ್ಲೋ," ಅಂದರಂತೆ ಅಡಿವೆಪ್ಪನವರು.

ಫಕೀರವ್ವ ಗಂಟು ಬಿಚ್ಚಿದಳು. ಮರುದಿನದಿಂದ ಹಿರಿಯ ತರಗತಿ ಬಿಟ್ಟು ಅಡಿವೆಪ್ಪನವರೇ ಹೊಸಬರ ನಡುವೆ ನೆಲದ ಮೇಲೆ ಕೂತರು.

ಇವತ್ತಿಗೂ ಆ ಸೀಮೆಯಲ್ಲಿ ಹೊಸಬರಿಗೆ ಕಲಿಸೋದು ಎಲ್ಲರಿಗಿಂತ ಹಿರಿಯ ಮಾಸ್ತರರೇ. ತಪ್ಪು ಲೆಕ್ಕ ಒರೆಸಲು ಯಾರಾದರೂ ಕೈ ಎತ್ತಿದರೆ ಮಕ್ಕಳೇ ಆ ಕೈ ಹಿಡಿದುಕೊಳ್ಳುತ್ತವಂತೆ: ತಡೀರಿ, ಹೆಂಗ ಬಂತು ಅಂತ ನೀವಿನ್ನೂ ಕೇಳೇ ಇಲ್ಲ.