ಎಡಗೊಂಬು

"ಗುರುಗಳೇ, ನನ್ನಲ್ಲಿ ಇನ್ನೂ ಯಾವ ಕೊರತೆ ಉಳಿದಿದೆ?" ಎಂದು ಮರುಳಯ್ಯ ಕೇಳಿದ.

ಮರುಳಯ್ಯ ಮಠಕ್ಕೆ ಬಂದು ಇಪ್ಪತ್ತನಾಲ್ಕು ವರ್ಷವಾಗಿತ್ತು. ವರ್ಷಕ್ಕೊಮ್ಮೆ ಹತ್ತೂರಿನ ಮಠಗಳವರು ಸೇರುವ ಗೋಷ್ಠಿಯಲ್ಲಿ ಎದ್ದು ನಿಂತು ಮಾತಾಡಿದವನು ಮಾತ್ರ ಹೊರಗೆ ಹೋಗಿ ಜನಕ್ಕೆ ಬೋಧಿಸಬಹುದು ಎಂಬುದು ಆ ಸೀಮೆಯ ಕಟ್ಟಳೆ. ಮರುಳಯ್ಯ ಒಮ್ಮೆಯೂ ಹೋಗಿರಲಿಲ್ಲ. ಗೋಷ್ಠಿ ಹತ್ತಿರ ಬಂದಾಗಲೆಲ್ಲ ಇದೇ ಪ್ರಶ್ನೆ ಕೇಳುತ್ತಿದ್ದ. ಗುರುಗಳು ಏನಾದರೊಂದು ಕೊರತೆ ಎತ್ತಿ ತೋರಿಸುತ್ತಲೇ ಇದ್ದರು. ವರ್ಷವಿಡೀ ಅದನ್ನು ತಿದ್ದಿಕೊಳ್ಳುತ್ತಿದ್ದ. ಈಗ ಅವನ ತಲೆ ನೆರೆತಿತ್ತು. ಗಂಟಲೂ ಕೆಟ್ಟಿತ್ತು, ನಾಲ್ಕು ಮಾತಾಡಿದರೆ ಕೆಮ್ಮು ಬಂದು ಐದನೆಯ ಮಾತು ನಿಲ್ಲುತ್ತಿತ್ತು.

ಗುರುಗಳು ಆ ದಿನ ಎಂದಿನಂತೆ ಉತ್ತರ ಕೊಡಲಿಲ್ಲ. "ಕೂತುಕೋ. ಒಬ್ಬ ರೈತನ ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ, ನನಗೂ ಇದು ಸುಲಭದ ಕತೆಯಲ್ಲ" ಎಂದು ಹೇಳತೊಡಗಿದರು.

ಒಬ್ಬ ರೈತನಿದ್ದ. ಅವನ ಕೊಟ್ಟಿಗೆಯಲ್ಲಿ ಒಂದು ಹಳ್ಳಿಕಾರ್ ಹಸುವಿತ್ತು. ಒಂದು ಹನಿ ಬೆರಕೆ ರಕ್ತವಿಲ್ಲದ ತಳಿಯ ಸಾಲು. ಆ ಸಾಲಿನಲ್ಲಿ ಉಳಿದದ್ದು ಅದೊಂದೇ, ಅದರ ಹಿಂದಿನ ಕರುಗಳೂ ಬದುಕಿರಲಿಲ್ಲ. ಮುಪ್ಪಿನಲ್ಲಿ ಅದು ಒಂದು ಹೋರಿಗರು ಹಾಕಿತು, ಕರು ಮೇವಿಗೆ ಬಾಯಿ ಹಾಕುವ ಹೊತ್ತಿಗೆ ಕಣ್ಣು ಮುಚ್ಚಿತು. ರೈತ ಆ ಕರುವಿಗೆ ತಾಯಿಯೂ ಆದ, ತಂದೆಯೂ ಆದ.

ಆ ಸೀಮೆಯಲ್ಲಿ ವರ್ಷಕ್ಕೊಮ್ಮೆ ಕೆರೆಯ ಬಯಲಿನಲ್ಲಿ ತಳಿ ಪರೀಕ್ಷೆ ನಡೆಯುತ್ತಿತ್ತು. ಹೋರಿಗಳನ್ನು ಹಲ್ಲು ನೋಡಿ ಬೇರೆ ಬೇರೆ ಸಾಲಿನಲ್ಲಿ ನಿಲ್ಲಿಸುವರು. ಹಾಲುಹಲ್ಲಿನವು ಒಂದು ಕಡೆ, ಎರಡು ಹಲ್ಲಿನವು ಒಂದು ಕಡೆ, ಆಮೇಲೆ ನಾಲ್ಕು, ಆರು, ಕಡೆಗೆ ಎಂಟೂ ಹಲ್ಲು ಬಂದು ಬಾಯಿಗೂಡಿದವು. ಹಿರಿಯರು ಒಂದೊಂದನ್ನೂ ನಡೆಸಿ ನೋಡುವರು, ನಿಲ್ಲಿಸಿ ನೋಡುವರು, ಮೈಮೇಲಿನ ಸುಳಿ ನೋಡುವರು. "ಇದು ಬೀಜಕ್ಕಿರಲಿ" ಎಂದು ಅವರು ಬೆನ್ನು ತಟ್ಟಿದ ಹೋರಿಗೆ ಮಾತ್ರ ಊರೂರಿನ ಜನ ಹಸು ಹೊಡೆದುಕೊಂಡು ಬರುವರು. ಬಾಯಿಗೂಡಿದ ವರ್ಷ ದಾಟಿತೋ, ಆ ಹೋರಿಗೆ ಪರೀಕ್ಷೆಯ ಕಣದಲ್ಲಿ ಜಾಗವಿಲ್ಲ. ಅದರ ಸಾಲು ಅಲ್ಲಿಗೆ ಮುಗಿದಂತೆ.

ರೈತನಿಗೆ ಇದ್ದ ಆಸೆ ಅದೊಂದೇ. ಆ ಸಾಲು ತನ್ನ ಕೊಟ್ಟಿಗೆಯಲ್ಲಿ ಮುಗಿಯಬಾರದು.

ಮೊದಲ ವರ್ಷ ಹೋರಿಗರುವಿನ ಮೈ ತೊಳೆದು, ಹೊಸ ಮೂಗುದಾರ ಹಾಕಿ, ಬಯಲಿಗೆ ಹೊಡೆದುಕೊಂಡು ಹೋದ. ಎಂದೂ ಕಣ ಕಂಡವನಲ್ಲ. ಎಲ್ಲಿ ನಿಲ್ಲಬೇಕು, ಹಗ್ಗವನ್ನು ಯಾವ ಕೈಯಲ್ಲಿ ಹಿಡಿಯಬೇಕು, ಹಿರಿಯರು ಬಂದಾಗ ತಾನೇ ಮಾತಾಡಬೇಕೋ ಅವರು ಕೇಳಲೆಂದು ಕಾಯಬೇಕೋ, ಒಂದೂ ತಿಳಿಯದು. ಕಣದ ಬಾಗಿಲಲ್ಲಿ ಹಗ್ಗ ಮಾರುವವನೊಬ್ಬ ಕೂತಿದ್ದ. ಹೋರಿಯನ್ನು ಮೇಲಿಂದ ಕೆಳಗೆ ನೋಡಿ, "ಚೆನ್ನಾಗಿದೆಯಪ್ಪ. ಎಡಗೊಂಬು ಒಂದೆಳೆ ಹೊರಕ್ಕೆ ಹೋಗಿದೆ ನೋಡು" ಎಂದ. ಅಷ್ಟು ಹೇಳಿ ಇನ್ನೊಬ್ಬನಿಗೆ ಹಗ್ಗ ಅಳೆಯಲು ತಿರುಗಿದ.

ಅವನ ಕೆಲಸ ಹಗ್ಗ ಹೊಸೆಯುವುದು. ತಳಿಯ ವಿಚಾರ ಅವನಿಗೇನು ಗೊತ್ತು? ಆದರೆ ಅಳುಕುವವನ ಕಿವಿ ಬಲು ಚುರುಕು. ರೈತ ಹೋರಿಯನ್ನು ನೋಡಿದ. ಹೌದು, ಎಡಗೊಂಬು ಒಂದೆಳೆ ಹೊರಕ್ಕಿತ್ತು. ಆ ಗಳಿಗೆಯಿಂದ ಅವನಿಗೆ ಹೋರಿಯ ಬೆನ್ನು ಕಾಣಲಿಲ್ಲ, ಹೆಗಲು ಕಾಣಲಿಲ್ಲ, ಜಿಂಕೆಯಂಥ ಕಾಲು ಕಾಣಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಈ ಪುಣ್ಯಾತ್ಮನಿಗೆ ಮನೆಯ ಮುತ್ತೇ ಹೆಗ್ಗಣವಾಗಿ ಕಂಡಿತು. ಕಣದ ಬಾಗಿಲಿಂದಲೇ ಮನೆಗೆ ಹಿಂದಿರುಗಿದ.

ಕೊಂಬು ಹೆರೆಯುವುದು ಆ ಕಡೆ ಎಲ್ಲರೂ ಮಾಡುವ ಕೆಲಸ. ಹರಿತವಾದ ಕತ್ತಿಯಿಂದ ತೆಳ್ಳಗೆ ಹೆರೆದು, ಗಾಜಿನ ಚೂರಿನಿಂದ ನಯ ಮಾಡಿ, ಹರಳೆಣ್ಣೆ ಸವರಿದರೆ ಕೊಂಬು ಲಕ್ಷಣವಾಗಿ ಬೆಳೆಯುತ್ತದೆ. ಒಂದು ಸಲವೋ ಎರಡು ಸಲವೋ ಮಾಡಿ ಬಿಡುವರು. ರೈತನೂ ಎಡಗೊಂಬಿನ ಹೊರಮೈ ಹೆರೆದ. ಕೊಂಬು ನೆಟ್ಟಗಾದಂತೆ ಕಂಡಿತು. ಆದರೆ ಈಗ ಬಲಗೊಂಬು ದಪ್ಪವಾಯಿತು. ಅದನ್ನೂ ಹೆರೆದ. ಎರಡು ಹಲ್ಲಿನ ಪರೀಕ್ಷೆ ಬರುವ ಹೊತ್ತಿಗೆ ಎಡಗೊಂಬು ಬೆಳೆದು ಮತ್ತೆ ತನ್ನ ಹಾದಿ ಹಿಡಿದಿತ್ತು.

"ಈ ವರ್ಷ ಬೇಡ, ಬರುವ ವರ್ಷ ನೋಡೋಣ" ಎಂದ.

ಆ ವರ್ಷವೆಲ್ಲ ಹೋರಿಗೆ ಕಣದ ನಡೆ ಕಲಿಸಿದ. ನಾಲ್ಕು ಕಾಲೂ ಸಮವಾಗಿ ಊರಿ ನಿಲ್ಲುವುದು, ಹಗ್ಗ ಎಳೆಯದೆ ಪಕ್ಕದಲ್ಲಿ ನಡೆಯುವುದು, ಬೇರೆಯವರು ಬಾಯಿಗೆ ಕೈ ಹಾಕಿದರೆ ಬೆದರದೆ ಇರುವುದು. ಹೋರಿ ಎಂಟೇ ದಿನಕ್ಕೆ ಕಲಿತುಬಿಟ್ಟಿತು. ಹುಟ್ಟಿನಲ್ಲೇ ಬಂದದ್ದನ್ನು ಕಲಿಯಲು ಎಷ್ಟು ದಿನ ಬೇಕು? ಆದರೆ ರೈತನ ಕಣ್ಣು ಕಾಲಿನ ಮೇಲಿರಲಿಲ್ಲ. ನಾಲ್ಕು ಹಲ್ಲಿನ ವರ್ಷವೂ ಹೋಯಿತು.

ಒಂದು ದಿನ ಪಕ್ಕದ ಊರಿನ ಒಕ್ಕಲಿಗನೊಬ್ಬ ಬೆದೆಗೆ ಬಂದ ಹಸುವನ್ನು ಹೊಡೆದುಕೊಂಡು ಬಾಗಿಲಿಗೆ ಬಂದ. "ಅಣ್ಣಾ, ಕಣದ ಮಾತು ಕಣಕ್ಕಿರಲಿ. ನನಗೆ ನಿನ್ನ ಹೋರಿ ಸಾಕು. ಹಸು ಬಿಡಲೇ?" ಎಂದ.

ರೈತನಿಗೆ ಒಳಗೊಳಗೇ ಹಿಗ್ಗಾಯಿತು. ಆದರೂ, "ಹಿರಿಯರು ಒಪ್ಪಲಿ ತಮ್ಮಾ. ಕೊಂಬು ಸರಿಹೋಗದ ಹೋರಿಯನ್ನು ಬಿಟ್ಟು, ನಾಳೆ ಕರುವಿಗೂ ಅದೇ ಬಂದರೆ ನನ್ನ ಸಾಲಿಗೆ ಕೆಟ್ಟ ಹೆಸರು" ಎಂದು ಕೈ ಮುಗಿದ. ಆ ಒಕ್ಕಲಿಗ ಹಸುವಿನ ಬೆನ್ನು ಸವರಿ, ಹೊರಟುಹೋದ. ಹಸುವನ್ನು ಯಾವುದೋ ಬೆರಕೆ ಹೋರಿಗೆ ಬಿಟ್ಟನಂತೆ.

ಇದನ್ನೆಲ್ಲ ನೋಡಿ ನೋಡಿ ರೈತನ ಹೆಂಡತಿಗೆ ರೋಸಿಹೋಯಿತು. "ಅಲ್ಲ ಕಣ್ರೀ, ಹೋರಿ ನಿಂತಿರೋದು ಕಾಲಿನ ಮೇಲೋ, ಕೊಂಬಿನ ಮೇಲೋ? ಒಂದು ಸಲ ಕಣಕ್ಕೆ ಕರಕೊಂಡು ಹೋಗಿ. ಬೇಡ ಅಂದರೆ ಬೇಡ ಅನ್ನಲಿ. ಅವರೇನು ತಲೆ ತೆಗೀತಾರಾ?" ಎಂದಳು.

ಅವಳು ಹೇಳಿದ್ದು ಸರಿ ಎಂದು ಅವನಿಗೂ ಗೊತ್ತಿತ್ತು. ಆದರೆ ಅವರು ಬೇಡ ಎಂದುಬಿಟ್ಟರೆ? ಆ ಮಾತು ಕೇಳುವ ನೋವು ಅವನಿಗೆ ಬೇಡವಾಗಿತ್ತು. ತಾನೇ ಬೇಡ ಎಂದುಕೊಂಡು ಮನೆಯಲ್ಲಿ ಕೂತರೆ ಆ ನೋವಿಲ್ಲ. ಅದನ್ನು ಅವನು ಪ್ರೀತಿ ಎಂದುಕೊಂಡ, ಶ್ರದ್ಧೆ ಎಂದುಕೊಂಡ. ಅದು ಬರೀ ಭಯ. ಆರು ಹಲ್ಲಿನ ವರ್ಷವೂ ದಾಟಿತು.

ಬಾಯಿಗೂಡಿತು. ಇನ್ನು ಮುಂದೂಡಲು ವರ್ಷ ಉಳಿದಿರಲಿಲ್ಲ. ಈ ಸಲ ಹೋಗಲೇಬೇಕು ಎಂದು ರೈತ ಗಟ್ಟಿ ಮನಸ್ಸು ಮಾಡಿದ. ಹೋರಿಯೂ ಹಾಗೇ ತಯಾರಾಗಿತ್ತು; ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಪರೀಕ್ಷೆಯ ದಿನ ಬೆಳಗ್ಗೆ ಮೈ ತೊಳೆದ. ಹೆಂಡತಿ ಬುತ್ತಿ ಕಟ್ಟಿದಳು. ಹೊರಡುವ ಮುನ್ನ ರೈತ ಹೋರಿಯ ಎದುರು ನಿಂತು ಕಡೆಯದಾಗಿ ಒಮ್ಮೆ ನೋಡಿದ. ಎಡಗೊಂಬಿನಲ್ಲಿ ಒಂದು ಕೂದಲೆಳೆಯಷ್ಟು ಉಳಿದಿದೆ ಎನಿಸಿತು. ಇದೊಂದು ಸಲ, ಇನ್ನೊಂದೇ ಒಂದು ಎಳೆ, ಎಂದು ಕತ್ತಿ ತೆಗೆದ.

ನಾಲ್ಕು ವರ್ಷ ಹೆರೆದ ಕೊಂಬಿನಲ್ಲಿ ಎಷ್ಟು ಉಳಿದಿರುತ್ತದೆ? ಕತ್ತಿ ಒಳಗಿನ ಜೀವಕ್ಕೆ ತಾಗಿತು. ಹೋರಿ ಕೂಗಲಿಲ್ಲ, ಒದೆಯಲಿಲ್ಲ. ಬೇರೆಯವರ ಕೈಗೆ ಬೆದರಬಾರದು ಎಂದು ಕಲಿಸಿದ್ದನಲ್ಲ, ತನ್ನವನ ಕೈಗೆ ಬೆದರುತ್ತದೆಯೇ? ನಾಲ್ಕು ಕಾಲೂ ಸಮವಾಗಿ ಊರಿ ನಿಂತೇ ಇತ್ತು. ರಕ್ತ ಹಣೆಯ ಮೇಲೆ ಇಳಿದು ಕಣ್ಣೊಳಗೆ ಹೋಯಿತು.

ರೈತ ಅರಿಶಿನ ಒತ್ತಿದ, ಸುಣ್ಣ ಒತ್ತಿದ, ತನ್ನ ಪಂಚೆ ಹರಿದು ಕಟ್ಟಿದ. ರಕ್ತ ನಿಲ್ಲುವ ಹೊತ್ತಿಗೆ ಸೂರ್ಯ ನೆತ್ತಿ ದಾಟಿದ್ದ. ಕಟ್ಟಿದ ಬುತ್ತಿ ಜಗುಲಿಯಲ್ಲೇ ಇತ್ತು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಗಾಯ ಮಾಯಲಿಲ್ಲ. ಕೊಂಬಿನ ಬುಡದಲ್ಲಿ ಕೀವು ತುಂಬಿತು. ನಾಟಿ ಔಷಧ ಕೊಡುವವರು ಬಂದರು, ನೋಡಿ ತಲೆ ಆಡಿಸಿ ಹೋದರು. ಹೋರಿ ತಲೆ ಒಂದು ಕಡೆ ವಾಲಿಸಿಕೊಂಡು ನಿಲ್ಲತೊಡಗಿತು. ಆಮೇಲೆ ಮೇವು ಬಿಟ್ಟಿತು.

ಒಂದು ದಿನ ತಳಿ ಪರೀಕ್ಷೆಯ ಹಿರಿಯನೊಬ್ಬ ಆ ಊರಿಗೆ ಬಂದ. ಮನೆ ಕೇಳಿಕೊಂಡು ಬಂದು ಕೊಟ್ಟಿಗೆಯ ಬಾಗಿಲಲ್ಲಿ ನಿಂತ. "ನಿನ್ನ ಹಸುವಿಗೆ ಕಡೆಗಾಲದಲ್ಲಿ ಹೋರಿಗರು ಹುಟ್ಟಿತ್ತು ಎಂದು ಕೇಳಿದ್ದೆವು. ಐದು ವರ್ಷವೂ ಕಣದಲ್ಲಿ ಹಾದಿ ನೋಡಿದೆವು. ಯಾಕೆ ತರಲಿಲ್ಲಪ್ಪ?" ಎಂದವನು, ಒಳಗೆ ನಿಂತ ಹೋರಿಯನ್ನು ಕಂಡು ಹತ್ತಿರ ಹೋದ. ಬೆನ್ನು ನೋಡಿದ. ಕಾಲು ನೋಡಿದ. ಅವನ ಕಣ್ಣು ತುಂಬಿಬಂತು. "ಕೊಂಬಿಗೆ ಏನು ಮಾಡಿದೆ?" ಎಂದ.

"ಎಡಗೊಂಬು ಒಂದೆಳೆ ಹೊರಕ್ಕಿತ್ತು ಸ್ವಾಮಿ, ತಿದ್ದಿದೆ" ಎಂದ ರೈತ.

ಹಿರಿಯ ಅಲ್ಲೇ ಗೋದಲಿಯ ಅಂಚಿನ ಮೇಲೆ ಕುಸಿದು ಕೂತ. "ಅಯ್ಯೋ ಪಾಪಿ! ಆ ಸಾಲಿನ ಗುರುತೇ ಅದಲ್ಲವೋ! ಇದರ ತಾಯಿಗೂ ಹಾಗೇ ಇತ್ತು, ಅಜ್ಜಿಗೂ ಹಾಗೇ ಇತ್ತು. ನಾವು ಐದು ವರ್ಷ ಕಾದದ್ದು ಆ ಎಡಗೊಂಬನ್ನೇ!" ಎಂದ.

ರೈತ ಆ ತಾಯಿಹಸುವಿನ ಹಾಲನ್ನು ಹನ್ನೊಂದು ವರ್ಷ ಕರೆದಿದ್ದ. ದಿನವೂ ಅದರ ಕೊಂಬು ಹಿಡಿದು ಕಟ್ಟು ಬಿಚ್ಚಿದ್ದ. ಹೊರಕ್ಕೆ ವಾಲಿದ ಆ ಕೊಂಬು ಕೈಗೆ ಎಷ್ಟು ಸಲೀಸಾಗಿ ಸಿಗುತ್ತಿತ್ತು ಎಂಬುದು ಈಗ ನೆನಪಾಯಿತು. ಅವನು ಮುಖಕ್ಕೆ ಅಂಗೈ ಒತ್ತಿಕೊಂಡ.

"ಹೋಗಲಿ, ಇದರದೊಂದು ಕರುವಾದರೂ ಎಲ್ಲಿಯಾದರೂ ಹುಟ್ಟಿದೆಯೇ?" ಎಂದು ಹಿರಿಯ ಕೇಳಿದ.

ರೈತ ಇಲ್ಲವೆಂದು ತಲೆಯಾಡಿಸಿದ. ಮೂರನೆಯ ದಿನ ಹೋರಿ ಸತ್ತಿತು. ಆ ಸಾಲು ಮುಗಿಯಿತು.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯ ಉತ್ತರೀಯದಿಂದ ಕಣ್ಣೊರೆಸಿಕೊಂಡ. ಮಾತಾಡಲು ಹೋದರೆ ಕೆಮ್ಮು ಬಂತು. ಅದು ನಿಲ್ಲುವವರೆಗೆ ಇಬ್ಬರೂ ಕಾದರು.

"ತಿಳಿಯಿತು ಗುರುಗಳೇ" ಎಂದ ಅವನು ಕಡೆಗೆ. "ಇಪ್ಪತ್ತನಾಲ್ಕು ವರ್ಷ ನನ್ನನ್ನು ನಾನೇ ಹೆರೆದುಕೊಳ್ಳುತ್ತಾ ಕೂತೆ. ಯಾರನ್ನು ದೂರಲಿ? ಆ ಮೂರ್ಖ ರೈತ ನಾನೇ."

ಗುರುಗಳು ಅವನ ನೆರೆತ ತಲೆಯನ್ನು ನೋಡಿದರು.

"ರೈತ ನೀನಲ್ಲ ಮರುಳಯ್ಯ, ನಾನು" ಎಂದರು.